ಲಾ ಮೇಲಿನ ಅಪವಾದ
ಫುಟ್‌ಬಾಲ್ ಆಟಗಾರ ಡೆನಿಸ್ ಲಾ ಹೆಸರು ಬಂದಾಗಲೆಲ್ಲ ಮಾತು 1974ರ ಏಪ್ರಿಲ್ 27ಕ್ಕೇ ಹೋಗಿ ನಿಲ್ಲುತ್ತದೆ. ನನಗದು ಬೇಸರದ ಸಂಗತಿ. ಅಬರ್ಡೀನ್‌ನ ಮೀನುಗಾರರೊಬ್ಬರ ಮಗ. 1960ರಲ್ಲಿ ಮ್ಯಾಂಚೆಸ್ಟರ್ ಸಿಟಿ, ಆಮೇಲೆ ಇಟಲಿಯ ಟೊರಿನೊ, 1962ರಿಂದ ಮ್ಯಾಂಚೆಸ್ಟರ್ ಯುನೈಟೆಡ್. ಯುನೈಟೆಡ್ ಪರ ಹೊಡೆದದ್ದು 237 ಗೋಲು. 1964ರಲ್ಲಿ ಅವರಿಗೆ ಸಂದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಮತ್ತೊಬ್ಬ ಸ್ಕಾಟಿಷ್ ಆಟಗಾರನಿಗೆ ಇವತ್ತಿಗೂ ಒಲಿದಿಲ್ಲ. ಅಂಗಿಯ ಉದ್ದತೋಳಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಓಡುತ್ತಿದ್ದ ಆ ತೆಳು ಮೈಯಾತ ಚೆಂಡಿಗಾಗಿ ನೆಗೆದರೆ ಎತ್ತರದ ರಕ್ಷಣಾ ಆಟಗಾರರೂ ಕೆಳಗೇ ಉಳಿಯುತ್ತಿದ್ದರು. 1973ರಲ್ಲಿ ಯುನೈಟೆಡ್ ಕೈಬಿಟ್ಟಾಗ ಕರೆದುಕೊಂಡದ್ದು ಹಳೆಯ ಸಿಟಿಯೇ. ಮರುವರ್ಷ ಆ ಏಪ್ರಿಲ್ 27ರಂದು ಯುನೈಟೆಡ್‌ನ ತವರು ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್ ಎದುರಿನ ಪಂದ್ಯ ಇನ್ನೇನು ಮುಗಿಯಬೇಕು, ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಲಾ ಹಿಮ್ಮಡಿಯಿಂದ ಚೆಂಡನ್ನು ಒಳಗೆ ತಳ್ಳಿದರು. ಜೊತೆಯವರು ಬಂದು ತಬ್ಬಿದರೂ ಮುಖದಲ್ಲಿ ನಗುವಿಲ್ಲ, ತೋಳು ಜೋತುಬಿದ್ದಿವೆ. ಜನ ಮೈದಾನಕ್ಕೆ ನುಗ್ಗಿದರು, ಯುನೈಟೆಡ್ ಎರಡನೇ ದರ್ಜೆಗೆ ಇಳಿಯಿತು. ಇಳಿಸಿದ್ದು ಲಾ ಎಂಬ ಅಪವಾದ ಮಾತ್ರ ಶುದ್ಧ ಸುಳ್ಳು: ಅದೇ ದಿನ, ಇಳಿಯುವ ಭೀತಿಯಲ್ಲಿದ್ದ ಮತ್ತೊಂದು ತಂಡ ಬರ್ಮಿಂಗ್‌ಹ್ಯಾಮ್ ಗೆದ್ದಿದ್ದರಿಂದ ಆ ಪಂದ್ಯ ಗೆದ್ದಿದ್ದರೂ ಯುನೈಟೆಡ್ ಉಳಿಯುತ್ತಿರಲಿಲ್ಲ. 2025ರ ಜನವರಿಯಲ್ಲಿ ಲಾ ತೀರಿಕೊಂಡಾಗಲೂ ಮೊದಲು ನೆನಪಾದದ್ದು ಆ ಹಿಮ್ಮಡಿ. ಯುನೈಟೆಡ್‌ನ ಹನ್ನೊಂದು ವರ್ಷಗಳಿಗೆ ಆ ಮೊದಲ ಜಾಗ ಸಲ್ಲಬೇಕಿತ್ತು.