ಕಿವಿಗೆ ಒಂದು, ಕಣ್ಣಿಗೆ ಎರಡು

ನಮ್ಮ ಮನೆಯ ಮೊಮ್ಮಗಳು ಶಾಲೆಯವರೊಡನೆ ಸೋಮನಾಥಪುರಕ್ಕೆ ಹೋಗಿಬಂದು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದಳು. ಮರುವಾರ ಪುಸ್ತಕವು ಕೆಂಪು ಶಾಯಿಯಲ್ಲಿ ಮಿಂದು ಮನೆಗೆ ಮರಳಿತು. ಹುಡುಗಿಯ ಕಣ್ಣೂ ಕೆಂಪಾಗಿತ್ತು.

ಕೇಶವ, ಜನಾರ್ದನ, ವೇಣುಗೋಪಾಲರ ‘ಐಡಲ್’ಗಳನ್ನು ಕಂಡೆವೆಂದು ಬರೆಯಹೊರಟವಳು ಐ-ಡಿ-ಒ-ಎಲ್ ಎಂಬುದಕ್ಕೆ ಬದಲಾಗಿ ಐ-ಡಿ-ಎಲ್-ಇ ಎಂದು ಬರೆದಿದ್ದಳು. ಮೊದಲನೆಯದು ವಿಗ್ರಹ, ಎರಡನೆಯದು ಕೆಲಸವಿಲ್ಲದೆ ಸುಮ್ಮನಿರುವುದು. ಗಟ್ಟಿಯಾಗಿ ಓದಿದ್ದರೆ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಕಪ್ಪು ಹಲಗೆಯ ಮೇಲೆ ಬರೆದದ್ದರಿಂದ ಇಡೀ ತರಗತಿ ನಕ್ಕಿತು.

“ಅಲ್ಲಿ ನಿತ್ಯಪೂಜೆ ಇಲ್ಲವಲ್ಲ, ನೀನು ಬರೆದದ್ದು ಪೂರ್ತಿ ಸುಳ್ಳೇನಲ್ಲ” ಎಂದೆ. ಅವಳು ನಗಲಿಲ್ಲ.

“ತಾತ, ಇನ್ನು ನಾನು ಇಂಗ್ಲಿಷಿನಲ್ಲಿ ಬರೆಯೋದೇ ಇಲ್ಲ. ಕನ್ನಡದಲ್ಲಾದರೆ ಹೇಳಿದ ಹಾಗೆ ಬರೆದರೆ ಸಾಕು.”

ಆ ದೇವಾಲಯವನ್ನೇ ಪಾಠಶಾಲೆ ಮಾಡಿಕೊಂಡು ಕುಳಿತೆವು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳವು ಎಸ್-ಐ-ಟಿ-ಇ. ನಮ್ಮವರು ಸಾಲ ಮಾಡಿ ಕೊಳ್ಳುವ ಸೈಟೂ ಅದೇ. ಅಲ್ಲಿ ಕಾಣುವ ನೋಟವು ಎಸ್-ಐ-ಜಿ-ಎಚ್-ಟಿ. ಜಗತಿಗೆ ಹತ್ತುವ ಮೆಟ್ಟಿಲು ಎಸ್-ಟಿ-ಎ-ಐ-ಆರ್. ಹತ್ತಿದ ಮೇಲೆ ಎವೆಯಿಕ್ಕದೆ ನೋಡುವುದು ಎಸ್-ಟಿ-ಎ-ಆರ್-ಇ.

ಇಷ್ಟೆಲ್ಲ ತೊಡಕೇಕೆ? ನೋಟವೆಂಬ ಪದದ ನಡುವೆ ಮೂಕವಾಗಿ ಕುಳಿತ ‘ಜಿ-ಎಚ್’ ಹಿಂದೆ ಗಂಟಲಿನಿಂದ ಹೊರಡುತ್ತಿದ್ದ ದನಿ. ವೀರಯೋಧನೆಂಬ ಅರ್ಥದ ‘ನೈಟ್’ ಪದದ ಮೊದಲಲ್ಲಿರುವ ‘ಕೆ’ಯನ್ನೂ ಹಿಂದಿನವರು ಉಚ್ಚರಿಸುತ್ತಿದ್ದರು. ದನಿ ಅಳಿಯಿತು, ಅಕ್ಷರ ಉಳಿಯಿತು. ವಿಗ್ರಹವೆಂಬ ಪದದ ‘ಒ’ ಗ್ರೀಕ್ ಮೂಲದ ಗುರುತು. ಅದರ ಜೊತೆಗಾರನು ಹಳೆಯ ಇಂಗ್ಲಿಷಿನವನು. ಆಗ ಅವನ ಅರ್ಥ ‘ಬರಿದಾದುದು’.

ಕನ್ನಡಕ್ಕೂ ಈ ಕಷ್ಟ ಬಂದಿತ್ತು. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಈ ದೇವಾಲಯವನ್ನು ಕಟ್ಟಿಸಿದ್ದು ಹದಿಮೂರನೆಯ ಶತಮಾನದಲ್ಲಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ‘ಳ’ ಮತ್ತು ‘ೞ’ಗಳ ಭೇದವನ್ನು ವಿವರಿಸಿದನು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಜೀವಿಸು. ಮುಂದೆ ‘ೞ’ಕಾರದ ದನಿಯೂ ಹೋಯಿತು, ಅಕ್ಷರವೂ ಹೋಯಿತು. ಈಗ ಕತ್ತಿಗೂ ಜೀವನಕ್ಕೂ ‘ಬಾಳು’ ಒಂದೇ. ಅರ್ಥವನ್ನು ಸಂದರ್ಭವೇ ಹೇಳಬೇಕು.

ಎಂದರೆ, ದನಿ ಹೋದಾಗ ನಾವು ಅಕ್ಷರವನ್ನೂ ಬಿಟ್ಟೆವು, ಅವರು ಇಟ್ಟುಕೊಂಡರು. ನಮ್ಮಲ್ಲಿ ಬರೆಯುವ ಕೈಗೆ ಸುಖ. ಅವರಲ್ಲಿ ಓದುವ ಕಣ್ಣಿಗೆ ಸುಖ. ಆ ಸುಖಕ್ಕಾಗಿ ಕಲಿಯುವವರು ತುಸು ತೆರ ತೆರಬೇಕು. ಮಕ್ಕಳು ತಪ್ಪಿದಾಗ ಅದು ದಡ್ಡತನವಲ್ಲ. ಕಿವಿಯನ್ನು ನಂಬಿದ್ದರ ಫಲ, ಅಷ್ಟೆ.

ಇಂಥ ಪದಗಳನ್ನು ಪಟ್ಟಿಯಾಗಿ ಉರುಹೊಡೆಯಿಸಬೇಡಿ. ಜೋಡಿಜೋಡಿಯಾಗಿ, ಒಂದೊಂದಕ್ಕೂ ಕಣ್ಣಿಗೆ ಕಟ್ಟುವ ಒಂದು ಚಿತ್ರ ಸೇರಿಸಿ ಕಲಿಸಿ. ಚಿತ್ರವನ್ನು ಮಕ್ಕಳೇ ಹುಡುಕಿದರೆ ಇನ್ನೂ ಲೇಸು.

ನಮ್ಮ ಹುಡುಗಿ ಕಣ್ಣೊರೆಸಿಕೊಂಡು ಎರಡು ಪದಗಳನ್ನೂ ಅಕ್ಕಪಕ್ಕ ಬರೆದು ನೋಡಿದಳು. ಆಮೇಲೆ ಇಂಗ್ಲಿಷಿನ ದುಂಡನೆಯ ‘ಒ’ ಅಕ್ಷರದ ಮೇಲೆ ಬೆರಳಿಟ್ಟು, “ತಾತ, ದೇವರಿಗೆ ಪ್ರಭಾವಳಿ ಉಂಟು, ಸೋಮಾರಿಗೆ ಇಲ್ಲ” ಎಂದಳು.

ಆ ಜೋಡಿಯಲ್ಲಿ ಅವಳು ಇನ್ನು ತಪ್ಪಲಾರಳು. ನಾನೂ ತಪ್ಪಲಾರೆ.