ಅಂದಂದಿನ ಹಿಟ್ಟು

ದೇವರು ಜೀವ ಕೊಟ್ಟ ಅನ್ನೋದನ್ನ ನಂಬೋದು ಅಷ್ಟೇನೂ ಕಷ್ಟವಲ್ಲ. ಕೊಟ್ಟ ಮೇಲೆ ದಿನಾ ಸಾಕ್ತಾನೆ ಅನ್ನೋದೇ ಕಷ್ಟ. ಲೇಆಫ್ ಮೇಲ್ ಯಾವತ್ತು ಬರುತ್ತೋ ಅಂತ ಇಎಂಐ ಲೆಕ್ಕ ಹಾಕೋ ನಮ್ಮಂಥವರಿಗಂತೂ ಇನ್ನೂ ಕಷ್ಟ.

13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಇದಕ್ಕೊಂದು ಹೋಲಿಕೆ ಕೊಡ್ತಾನೆ. ಮನೆ ಕಟ್ಟಿದವನು ಹೊರಟುಹೋದರೂ ಮನೆ ನಿಂತಿರುತ್ತೆ. ಆದರೆ ಸೂರ್ಯ ಮರೆಯಾದರೆ ಗಾಳಿಯಲ್ಲಿ ಬೆಳಕು ಉಳಿಯಲ್ಲ. ಸೃಷ್ಟಿ ದೇವರನ್ನು ನೆಚ್ಚಿರೋದು ಈ ಎರಡನೇ ರೀತಿಯಲ್ಲಿ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಬರೆದು ಕಂಪನಿ ಬಿಟ್ಟ ಡೆವಲಪರ್‌ಗಿಂತ ಸರ್ವರ್‌ಗೆ ಹರಿಯೋ ಕರೆಂಟ್ ಹತ್ತಿರದ ಹೋಲಿಕೆ.

ಕೇಳೋಕೆ ಚೆನ್ನಾಗಿದೆ. ಬದುಕಿನಲ್ಲಿ ಅದು ಹೇಗಿರುತ್ತೆ? ಬೈಬಲಿನ ಒಂದನೇ ಅರಸುಗಳು ಪುಸ್ತಕದ 17ನೇ ಅಧ್ಯಾಯ ನೋಡಿ. ಮಳೆಯಿಲ್ಲದೆ ಬರ ಬಿದ್ದಿದೆ. ದೇವರು ಪ್ರವಾದಿ ಎಲೀಯನನ್ನು ಇಂದಿನ ಲೆಬನಾನ್ ಕರಾವಳಿಯ ಚಾರೆಪ್ತ ಅನ್ನೋ ಊರಿಗೆ, ಒಬ್ಬ ವಿಧವೆಯ ಮನೆಗೆ ಕಳಿಸ್ತಾನೆ. ಅವಳು ಇಸ್ರಾಯೇಲಿನವಳಲ್ಲ. ಮನೆಯಲ್ಲಿರೋದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಮಗನಿಗೂ ತನಗೂ ಕೊನೆಯ ರೊಟ್ಟಿ ಸುಡೋಕೆ ಸೌದೆ ಆರಿಸ್ತಾ ಇದ್ದಾಳೆ. ಎಲೀಯ ಮೊದಲ ರೊಟ್ಟಿ ತನಗೆ ಕೊಡು ಅಂತಾನೆ. ಅವಳು ಕೊಡ್ತಾಳೆ. ಆಮೇಲೆ ಅದೇ ಹಿಟ್ಟು, ಅದೇ ಎಣ್ಣೆಯಲ್ಲಿ ಆ ಮನೆಯವರೆಲ್ಲ ಬಹಳ ದಿನ ಊಟ ಮಾಡ್ತಾರೆ.

ಮಡಕೆ ತುಂಬಿ ತುಳುಕಿತು ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಮರುಭೂಮಿಯಲ್ಲಿ ಸಿಕ್ಕ ಮನ್ನವೂ ಹೀಗೇ. ಸಬ್ಬತ್ ದಿನದ ಪಾಲು ಬಿಟ್ಟು, ನಾಳೆಗೆ ಅಂತ ಎತ್ತಿಟ್ಟದ್ದಕ್ಕೆ ಹುಳ ಬೀಳ್ತಿತ್ತು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಬೇಡೋದು ದಿನದ ಊಟವನ್ನಷ್ಟೇ. ಆರು ತಿಂಗಳ ಎಮರ್ಜೆನ್ಸಿ ಫಂಡ್ ಇಟ್ಟುಕೊಳ್ಳೋದು ತಪ್ಪೇನಲ್ಲ. ಆದರೆ ನಮ್ಮನ್ನ ಬದುಕಿಸ್ತಿರೋದು ಆ ಫಂಡೇ ಅಂದುಕೊಂಡರೆ ನೆಮ್ಮದಿ ಯಾವತ್ತೂ ಸಿಗಲ್ಲ.

ಕಥೆ ಇಲ್ಲಿಗೇ ಮುಗಿಯಲ್ಲ. ಅದೇ ಮನೆಯಲ್ಲಿ ಹುಡುಗ ಕಾಯಿಲೆ ಬಿದ್ದು ಉಸಿರು ನಿಲ್ಲುತ್ತೆ. ತಾಯಿ ಸಂಕಟದಲ್ಲಿ ಎಲೀಯನನ್ನೇ ದೂರ್ತಾಳೆ. ನಿನಗೆ ನಂಬಿಕೆ ಸಾಲದು ಅಂತ ಅವನು ಹೇಳಲ್ಲ. ಹುಡುಗನನ್ನ ಎತ್ತಿಕೊಂಡು ಮೇಲಿನ ಕೋಣೆಗೆ ಹೋಗಿ, ಅವಳ ದುಃಖವನ್ನೇ ದೂರಾಗಿ ದೇವರ ಮುಂದಿಡ್ತಾನೆ. ಹುಡುಗನ ಜೀವ ಮರಳುತ್ತೆ.

ಎಲ್ಲರ ಮನೆಯಲ್ಲೂ ಹಾಗೆ ಮರಳಲ್ಲ. ಯಾಕೆ ಅನ್ನೋದಕ್ಕೆ ಈ ಅಧ್ಯಾಯದಲ್ಲಿ ಉತ್ತರವಿಲ್ಲ. ಜೀವ ಕೊಡೋ ದೇವರನ್ನ ನಂಬೋರು ಆ ದೇವರ ಮುಂದೆಯೇ ಸಿಟ್ಟಿನಿಂದ ಅಳಬಹುದು ಅನ್ನೋದಂತೂ ಇದೆ.

ಇನ್ನೊಂದು ವಿಷಯವೂ ಇದೆ. ಬರಗಾಲದಲ್ಲಿ ದೇವರು ತನ್ನ ಪ್ರವಾದಿಯನ್ನ ಸಾಕಿದ್ದು, ತನಗೇ ಸಾಲದಿದ್ದ ಹೆಂಗಸಿನ ಕೈಯಿಂದ. ನಿಮ್ಮ ಪರಿಚಯದಲ್ಲಿ ಯಾರದಾದರೂ ಕೆಲಸ ಹೋಗಿದ್ದರೆ ದೇವರು ನೋಡ್ಕೋತಾನೆ ಅಂತ ಮೆಸೇಜ್ ಹಾಕೋ ಮುಂಚೆ ಈ ವಾರ ಒಂದು ದಿನ ಊಟಕ್ಕೆ ಕರೀರಿ.