ನೀರಿನಡಿಯ ಚಿನ್ನ ಯಾರ ಖಾತೆಗೆ?

ಕೊಡಗಿಗೆ ಕಡಲಿಲ್ಲ, ಆದರೂ ಕಡಲು ನಮಗೆ ಅಪರಿಚಿತವಲ್ಲ. ನಮ್ಮ ಕಾಫಿ, ಏಲಕ್ಕಿಗಳು ಹಿಂದಿನಿಂದಲೂ ತಲಚೇರಿ, ಮಂಗಳೂರುಗಳ ದಾರಿಯಾಗಿ ಹೊರದೇಶಗಳಿಗೆ ಸಾಗಿವೆ. ರಜೆ ಬಂದರೆ ಕಣ್ಣೂರಿನ ಪಯ್ಯಾಂಬಲಂ, ಮುಳಪ್ಪಿಲಂಗಾಡ್ ತೀರಗಳಲ್ಲಿ ನಮ್ಮ ಜಿಲ್ಲೆಯ ಕುಟುಂಬಗಳೂ ಕಾಣಸಿಗುತ್ತವೆ.

ಇತ್ತೀಚೆಗೆ ಯುವಕನೊಬ್ಬನು ನನ್ನ ಕಚೇರಿಗೆ ಯೋಜನಾ ವರದಿಯೊಂದನ್ನು ತಂದನು. ನೀರಿನೊಳಗೂ ಬಳಸಬಹುದಾದ ಲೋಹಶೋಧಕ ಯಂತ್ರವನ್ನು ಕೊಂಡು, ಸಮುದ್ರಸ್ನಾನಕ್ಕಿಳಿದವರು ಕಳೆದುಕೊಂಡ ಉಂಗುರ, ಸರಗಳನ್ನು ಹುಡುಕುವ ಉದ್ಯಮವದು. ಬಂಡವಾಳಕ್ಕಾಗಿ ತಾಯಿಯ ಒಡವೆಗಳನ್ನು ಅಡವಿಡಲು ನಿಶ್ಚಯಿಸಿದ್ದನು. ಆದಾಯದ ಪಟ್ಟಿಯಲ್ಲಿ ‘ದೊರೆಯುವ ಚಿನ್ನ’ ಎಂಬ ಬಾಬಿನೆದುರು ದೊಡ್ಡ ಮೊತ್ತವನ್ನು ನಮೂದಿಸಿದ್ದನು. ಆ ಒಂದು ಸಾಲನ್ನು ನಾನು ಹೊಡೆದುಹಾಕಿದೆನು. ಅದರ ಕಾರಣಗಳು ನಮ್ಮ ಸದಸ್ಯರಿಗೂ ಉಪಯುಕ್ತವಾದಾವೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲನೆಯದು ಯಂತ್ರದ ಮಿತಿ. ಕಾಫಿಪುಡಿ, ಮಸಾಲೆ ಪದಾರ್ಥಗಳ ಪ್ಯಾಕಿಂಗ್ ಘಟಕಗಳಲ್ಲಿ ಲೋಹಶೋಧಕವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಒಣ ಸರಕು ಯಂತ್ರದೊಳಗೆ ಹಾದುಹೋಗುತ್ತದೆ. ಕಡಲಿನಲ್ಲಾದರೋ ಉಪ್ಪುನೀರೇ ವಿದ್ಯುದ್ವಾಹಕ. ಸಾಮಾನ್ಯ ಯಂತ್ರವು ಅದನ್ನೇ ಲೋಹವೆಂದು ಭ್ರಮಿಸಿ ಸದ್ದು ಮಾಡುತ್ತದೆ. ಕಪ್ಪು ಮರಳಿನಲ್ಲಿರುವ ಕಬ್ಬಿಣದಂಶವೂ ತೊಡಕೇ. ಆದ್ದರಿಂದ ಪಲ್ಸ್ ಇಂಡಕ್ಷನ್ ಅಥವಾ ಬಹು ಆವರ್ತನದ, ಬೆಲೆ ಹೆಚ್ಚಿನ ಯಂತ್ರಗಳೇ ಬೇಕಾಗುತ್ತವೆ. ಅವೂ ಉಂಗುರದಂತಹ ಸಣ್ಣ ವಸ್ತುವನ್ನು ಸುಮಾರು ಒಂದು ಗೇಣು ಆಳದವರೆಗೆ ಮಾತ್ರ ಗುರುತಿಸಬಲ್ಲವು. ಅಲೆಗಳೋ ಮರಳನ್ನು ದಿನದಿನವೂ ಸ್ಥಳಾಂತರಿಸುತ್ತವೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ದುರಂತವನ್ನು ವಾಚಕರು ಮರೆತಿರಲಾರರು. ಗಂಗಾವಳಿ ನದಿಯ ಪಾಲಾದ ಮರದ ಲಾರಿಯೊಂದನ್ನು ಹುಡುಕಲು ನೌಕಾಪಡೆಯ ಸೋನಾರ್, ಡ್ರೋನ್ ಆಧಾರಿತ ಶೋಧಕ, ಮುಳುಗುಗಾರರು, ಕೊನೆಗೆ ಗೋವಾದಿಂದ ಬಂದ ಡ್ರೆಜರ್, ಇಷ್ಟೆಲ್ಲವೂ ಬೇಕಾದವು. ಚಾಲಕನ ಮೃತದೇಹದೊಡನೆ ಲಾರಿಯು ದೊರೆತದ್ದು ಸೆಪ್ಟೆಂಬರ್ 25ರಂದು. ಲಾರಿಯ ಗತಿಯೇ ಹೀಗಾದರೆ ಉಂಗುರದ ಮಾತೇನು?

ಎರಡನೆಯದು ಇದಕ್ಕಿಂತಲೂ ಮುಖ್ಯವಾದುದು. ದೊರೆತ ವಸ್ತು ದೊರೆತವನದಲ್ಲ. ವಾಣಿಜ್ಯ ಪದವಿಯಲ್ಲಿ ನಾವೆಲ್ಲ ಓದಿದ 1872ರ ಭಾರತೀಯ ಕರಾರು ಕಾಯಿದೆಯ 71ನೆಯ ಪ್ರಕರಣದಂತೆ, ಅವನ ಹೊಣೆಯು ಪರರ ಸೊತ್ತನ್ನು ಕಾಪಾಡಲು ಪಡೆದವನ ಹೊಣೆಗೆ ಸಮಾನ. 168ನೆಯ ಪ್ರಕರಣದಂತೆ, ತಾನಾಗಿಯೇ ಪಟ್ಟ ಶ್ರಮಕ್ಕೆ ಅವನು ದಾವೆ ಹೂಡಲಾರನು. ಪರಿಹಾರ ದೊರೆಯುವವರೆಗೆ ವಸ್ತುವನ್ನು ಇರಿಸಿಕೊಳ್ಳಬಹುದಷ್ಟೇ. ಆದರೆ ಮಾಲೀಕನು ನಿರ್ದಿಷ್ಟ ಬಹುಮಾನವನ್ನು ಘೋಷಿಸಿದ್ದರೆ ಅದಕ್ಕಾಗಿ ದಾವೆ ಹೂಡಬಹುದು. ಮಾಲೀಕನು ಸಿಗದಿದ್ದಾಗ ಮಾರಲು 169ನೆಯ ಪ್ರಕರಣವು ಅವಕಾಶ ನೀಡುತ್ತದೆಯಾದರೂ, ವಸ್ತುವು ಕೆಡುವಂತಿರಬೇಕು, ಇಲ್ಲವೇ ನ್ಯಾಯಸಮ್ಮತ ಖರ್ಚು ಅದರ ಬೆಲೆಯ ಮೂರರಲ್ಲಿ ಎರಡು ಪಾಲನ್ನು ಮುಟ್ಟಿರಬೇಕು. ಚಿನ್ನ ಕೆಡುವುದಿಲ್ಲ, ಖರ್ಚು ಅಷ್ಟನ್ನು ಮುಟ್ಟುವುದೂ ವಿರಳ. ಮಾಲೀಕನನ್ನು ಹುಡುಕುವ ಗೋಜಿಗೆ ಹೋಗದೆ ದುರುದ್ದೇಶದಿಂದ ಜೇಬಿಗಿಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 314ನೆಯ ಪ್ರಕರಣದಂತೆ ಸೆರೆವಾಸವಿದೆ.

ಹಾಗಾದರೆ ಈ ಉದ್ಯಮವೇ ಬೇಡವೆ? ಹಾಗೆಂದು ನಾನು ಹೇಳೆನು. ಹುಡುಕುವ ಶ್ರಮಕ್ಕೆ ಬೆಲೆಯಿದೆ. ಮದುವೆಯುಂಗುರವನ್ನು ಕಳೆದುಕೊಂಡವರು ಅದನ್ನು ಸಂತೋಷದಿಂದಲೇ ಕೊಡುತ್ತಾರೆ. ನೀರಿಗಿಳಿಯುವ ಮೊದಲೇ ಮಾಲೀಕನಿಂದ ಲಿಖಿತ ಕೋರಿಕೆಯನ್ನು ಪಡೆಯಬೇಕು. ಗಂಟೆಯ ದರ, ದೊರೆತರೆ ಸಲ್ಲಬೇಕಾದ ಹೆಚ್ಚುವರಿ ಮೊತ್ತ, ದೊರೆಯದಿದ್ದರೂ ಸಲ್ಲತಕ್ಕ ಕನಿಷ್ಠ ಶುಲ್ಕ, ಈ ಮೂರೂ ಅದರಲ್ಲಿರಬೇಕು. ಶುಲ್ಕವು ಆದಾಯದ ಖಾತೆಗೆ ಸೇರಲಿ. ಇತರರ ವಸ್ತು ಆಕಸ್ಮಿಕವಾಗಿ ದೊರೆತರೆ ಅದನ್ನು ಪ್ರತ್ಯೇಕ ವಹಿಯಲ್ಲಿ ಬರೆದು, ಪೊಲೀಸ್ ಠಾಣೆಗೆ ತಿಳಿಸಿ ಸ್ವೀಕೃತಿಯನ್ನು ಪಡೆಯತಕ್ಕದ್ದು.

ಆ ಯುವಕನೊಡನೆ ಕುಳಿತು ವರದಿಯನ್ನು ಶುಲ್ಕದ ಆಧಾರದ ಮೇಲೆ ಪುನಃ ಸಿದ್ಧಪಡಿಸಿದೆವು. ಲಾಭವು ಬಹಳ ಇಳಿಯಿತು; ಸಾಲದ ಕಂತಿಗೆ ಅದು ಸಾಲದೆಂಬುದೂ ಸ್ಪಷ್ಟವಾಯಿತು. ಮೊದಲ ಹಂಗಾಮಿಗೆ ಯಂತ್ರವನ್ನು ಬಾಡಿಗೆಗೆ ಪಡೆದು ನೋಡುವುದಾಗಿ ಹೇಳಿ ಹೋಗಿದ್ದಾನೆ. ತಾಯಿಯ ಒಡವೆಗಳು ಸದ್ಯಕ್ಕೆ ಮನೆಯಲ್ಲಿಯೇ ಇವೆ.